ಮಡಿಲು ತುಂಬಿ ಕಳಿಸಿದರು

ನಮ್ಮ ಕಡೆಯ ಆಲೆಮನೆಗಳಲ್ಲಿ ಹೊರಗಿನಿಂದ ಬಂದ ಆಳುಗಳನ್ನು ಒಬ್ಬೊಬ್ಬರಾಗಿ ಎಣಿಸುವುದಿಲ್ಲ, ಜೋಡಿಯಾಗಿ ಎಣಿಸುತ್ತಾರೆ. ಗಂಡ ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತಳ್ಳಬೇಕು, ಕೊಪ್ಪರಿಗೆಯ ಪಾಕ ತಿರುವಬೇಕು. ಹೆಂಡತಿ ಗಾಣದಿಂದ ಬಿದ್ದ ಹಸಿ ಸಿಪ್ಪೆಯನ್ನು ಬಯಲಿಗೆ ಹೊತ್ತು, ಹರವಿ, ಒಣಗಿಸಿ, ಮತ್ತೆ ಒಲೆಯ ಬಳಿಗೆ ತರಬೇಕು. ಮುಂಗಡ ಕೊಡುವುದೂ ಜೋಡಿಗೇ. ಹಾಗಾಗಿ ಜೋಡಿಯಲ್ಲಿ ಒಬ್ಬರು ಬಿದ್ದುಹೋದರೆ ಇನ್ನೊಬ್ಬರು ಅಡವಾಗಿ ಉಳಿಯುತ್ತಾರೆ. ಅಡವು ಎಂಬ ಮಾತನ್ನು ಯಾರೂ ಆಡುವುದಿಲ್ಲ. "ಇನ್ನೊಂದು ಜೋಡಿ ಬರೋಗಂಟ ಇರು" ಎನ್ನುತ್ತಾರೆ, ಅಷ್ಟೆ.

ಇದನ್ನು ನನಗೆ ಮೊದಲು ತಿಳಿಸಿದವರು ಇಲ್ಲಿನವರಲ್ಲ, ಜಾರ್ಖಂಡಿನ ಒಬ್ಬ ಹೆಂಗಸು. ನಾನು ಪಾಂಡವಪುರದಲ್ಲಿ ವಲಸೆ ಕಾರ್ಮಿಕರ ಒಂದು ಸಣ್ಣ ಸಹಾಯ ಕೇಂದ್ರ ನೋಡಿಕೊಳ್ಳುತ್ತೇನೆ. ಶ್ರೀರಂಗಪಟ್ಟಣದ ಕಲ್ಲುಕ್ವಾರಿ, ನಾಗಮಂಗಲದ ಕೋಳಿಫಾರಂ, ಕೆ.ಆರ್.ಪೇಟೆಯ ಇಟ್ಟಿಗೆ ಗೂಡು, ಪಾಂಡವಪುರದ ಆಲೆಮನೆ, ಎಲ್ಲ ಕಡೆಯಿಂದ ಫೋನು ಬರುವುದು ನನಗೇ. ಮೊದಲು ಹಿಂದಿ ಮೇಡಂ ಆಗಿದ್ದೆ. ಆ ಹಿಂದಿಗಾಗಿಯೇ ನನ್ನನ್ನು ಈ ಕೆಲಸಕ್ಕೆ ಕರೆದರು. ಜಾರ್ಖಂಡಿನ ಆ ಹೆಂಗಸು ಅಲ್ಲಿ ಇಂಥದೇ ಕೇಂದ್ರ ನಡೆಸುತ್ತಾರೆ. ನಾವಿಬ್ಬರೂ ಮುಖಾಮುಖಿ ಭೇಟಿಯಾಗಿಲ್ಲ. ನಾನು ಅವರನ್ನು ದೀದಿ ಎನ್ನುತ್ತೇನೆ, ಅವರೂ ನನ್ನನ್ನು ದೀದಿ ಎನ್ನುತ್ತಾರೆ.

ಅವತ್ತು ದೀದಿ ಫೋನು ಮಾಡಿದ್ದು ಆಸ್ಪತ್ರೆಯಿಂದ. ಅವರ ಜಿಲ್ಲೆಯ ಒಬ್ಬ ಮನುಷ್ಯ ನಮ್ಮ ಕಡೆಯ ಆಲೆಮನೆಯಲ್ಲಿ ಕಾಲು ಬೇಯಿಸಿಕೊಂಡು ಊರಿಗೆ ಮರಳಿದ್ದ. ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಸುರಿಯುವಾಗ ಕುದಿಯುವ ಪಾಕ ಮೊಣಕಾಲಿನಿಂದ ಪಾದದವರೆಗೆ ಬಿದ್ದಿತ್ತು. ನೀರಾದರೆ ಹರಿದುಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಯಜಮಾನ ಮುಲಾಮು ಹಚ್ಚಿಸಿ, ಊರಿಗೆ ಹೊರಟಿದ್ದ ಇನ್ನೊಬ್ಬ ಆಳಿನ ಜೊತೆ ಇವನನ್ನು ರೈಲು ಹತ್ತಿಸಿದ್ದ. ಹೆಂಡತಿಯನ್ನು ಉಳಿಸಿಕೊಂಡಿದ್ದ. ಮನೆಗೆ ಇದ್ದ ಒಂದೇ ಫೋನು ಗಂಡನ ಜೊತೆ ಹೋಗಿತ್ತು. ಅವನ ಗಾಯ ಈಗ ಕೊಳೆಯುತ್ತಿದೆ, ಜ್ವರ ಇಳಿಯುತ್ತಿಲ್ಲ, ಇದಾವುದೂ ಅವಳಿಗೆ ಗೊತ್ತಿಲ್ಲ.

"ಅವನು ಬೇರೇನೂ ಕೇಳುತ್ತಿಲ್ಲ ದೀದಿ," ಎಂದರು. "ಅವಳನ್ನು ಕಳಿಸಿ ಅನ್ನುತ್ತಿದ್ದಾನೆ. ಡಾಕ್ಟರ ಮುಖ ನೋಡಿದರೆ ನನಗೆ ಧೈರ್ಯ ಬರುತ್ತಿಲ್ಲ."

ಸುಮ್ಮನೆ ಹೋಗಿ ಕರೆತರುವಂತಿಲ್ಲ. ಬಲವಂತದಿಂದ ಹಿಡಿದಿಟ್ಟಿದ್ದಾರೆ ಎಂದು ವಿಚಾರಣೆಯಾಗಬೇಕು, ಬಿಡುಗಡೆ ಪತ್ರ ಸಿಗಬೇಕು. ಆ ಪತ್ರವಿದ್ದರೆ ಮುಂಗಡ ತೀರಲಿಲ್ಲ ಎಂದು ಯಾರೂ ಮತ್ತೆ ಅವಳನ್ನು ಎಳೆದುಕೊಂಡು ಬರುವಂತಿಲ್ಲ, ಗಂಡನ ಕಾಲಿನ ಪರಿಹಾರಕ್ಕೂ ಅದೇ ಆಧಾರ. ಇಂಥ ವಿಚಾರಣೆಯನ್ನು ಎರಡು ರಾಜ್ಯದವರು ಕೂಡಿ ಮಾಡಬೇಕೆಂದು ಮೇಲಿನವರು ಮಾತಾಡಿಕೊಂಡಿದ್ದರು. ಸಹಕಾರ ಎಂದು ಅದಕ್ಕೆ ಹೆಸರು. ಇಲ್ಲಿಂದ ಕನ್ನಡದಲ್ಲಿ ಹೋದ ಕಾಗದ, ಓದಲು ಬರುವುದಿಲ್ಲ ಎಂದು ವಾಪಸು ಬಂತು. ಅಲ್ಲಿಂದ ಬಂದ ಹಿಂದಿ ಕಾಗದವನ್ನು ಇಲ್ಲಿ ಓದುವವರಿಲ್ಲದೆ ನನ್ನ ಮೇಜಿಗೆ ಕಳಿಸಿದರು. ನಾನು ಓದಿ, ಕನ್ನಡ ಮಾಡಿ, ಉತ್ತರವನ್ನು ಹಿಂದಿ ಮಾಡಿ ಕಳಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿಯ ಮನೆಯಲ್ಲೇ ಹುಟ್ಟಿದವಳು ನಾನು, ಆ ಮಾತಿನ ಅರ್ಥ ನನಗೆ ಕಚೇರಿಗಳಲ್ಲಿ ಆದಷ್ಟು ದೇವಸ್ಥಾನದಲ್ಲಿ ಆಗಿರಲಿಲ್ಲ.

ಕೊನೆಗೆ ಆ ರಾಜ್ಯದಿಂದ ಒಬ್ಬ ಅಧಿಕಾರಿ ಹೊರಟರು. ನನಗೆ ಆದ ಸಂತೋಷವನ್ನು ಈಗ ನೆನೆದರೆ ಸಿಟ್ಟು ಬರುತ್ತದೆ. ಆ ಆಲೆಮನೆಯ ಆಳುಗಳಿಗೆ ದೀದಿ ಹೇಗೋ ಇಷ್ಟು ಸುದ್ದಿ ಮಾತ್ರ ಮುಟ್ಟಿಸಿದ್ದರು: ನಮ್ಮವರೇ ಬರುತ್ತಾರೆ, ನಮ್ಮ ಭಾಷೆಯವರು, ಹೆದರದೆ ಹೇಳಿ.

ಆಲೆಮನೆ ಇರುವುದು ಕ್ಯಾತನಹಳ್ಳಿಯ ಆಚೆ. ಊರಿನ ಹೆಸರು ಬೇಡ. ನಾವು ಹೋದದ್ದು ಮೂರು ಜನ: ಆ ಅಧಿಕಾರಿ, ನಮ್ಮ ಕಡೆಯ ಇನ್‌ಸ್ಪೆಕ್ಟರು, ನಾನು. ಅವರಿಬ್ಬರು ಜೀಪಿನಲ್ಲಿ, ನಾನು ಹಿಂದೆ ನನ್ನ ಸ್ಕೂಟರಿನಲ್ಲಿ. ಗಾಣ ಓಡುತ್ತಿತ್ತು. ಬಯಲಿನಲ್ಲಿ ಸಿಪ್ಪೆ ಹರವುತ್ತಿದ್ದ ಒಬ್ಬಳು ನಮ್ಮನ್ನು ನೋಡಿ ಸೆಟೆದು ನಿಂತಳು. ತಲೆಗೆ ಸುತ್ತಿದ್ದ ಬಟ್ಟೆ, ಕೆನ್ನೆಯ ಮೇಲೆ ಸಿಪ್ಪೆಯ ದೂಳು. ದೀದಿ ಕಳಿಸಿದ್ದ ಫೋಟೋದಲ್ಲಿ ಇದ್ದವಳು ಇವಳೇ.

ಯಜಮಾನ ಓಡಿ ಬಂದ. ಕೈಮುಗಿದ.

"ಬನ್ನಿ ಸಾ, ಬನ್ನಿ. ಅಷ್ಟು ದೂರದಿಂದ ಬಂದವ್ರೆ, ಮೊದ್ಲು ಕೈಕಾಲು ತೊಳ್ಕಳಿ. ಊಟ ಆದ್ಮೇಲೆ ಎಲ್ಲ."

ಇನ್‌ಸ್ಪೆಕ್ಟರ ಹತ್ತಿರ ಹೋಗಿ ನಾನು ತಗ್ಗಿದ ದನಿಯಲ್ಲಿ ಹೇಳಿದೆ, ಮೊದಲು ಹೇಳಿಕೆ, ಊಟ ಪಾಂಡವಪುರದಲ್ಲಿ ಮಾಡೋಣ ಎಂದು.

"ಅಕ್ಕ, ಬಾಗ್ಲಿಗೆ ಬಂದು ಊಟ ಬ್ಯಾಡ ಅಂದ್ರೆ ಜಗಳ ತೆಗೆದಂಗೆ ಆಯ್ತದೆ. ನಿಮಗೂ ಗೊತ್ತಲ್ವಾ," ಎಂದರು. ಅವರು ಹೇಳಿದ್ದು ನಿಜ. ನಮ್ಮ ಸೀಮೆಯಲ್ಲಿ ಶತ್ರುವನ್ನಾದರೂ ಉಣ್ಣಿಸಿಯೇ ಕಳಿಸುತ್ತಾರೆ. ಅದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಆಲೆಮನೆಯ ಪಕ್ಕದಲ್ಲೇ ಯಜಮಾನನ ಮನೆ. ಜಗಲಿಯ ಮೇಲೆ ಬಾಳೆ ಎಲೆ ಬಿತ್ತು. ಮುದ್ದೆ, ನಾಟಿಕೋಳಿ ಸಾರು. ರೈಲಿನ ಊಟ ತಿಂದು ಬೇಸತ್ತಿದ್ದ ಆ ಅಧಿಕಾರಿ ಮುದ್ದೆ ಮುರಿಯಲು ಬಾರದೆ ಒದ್ದಾಡಿದಾಗ ಯಜಮಾನನೇ ಪಕ್ಕದಲ್ಲಿ ಕೂತು, ಅಗಿಯಬೇಡಿ, ನುಂಗಿ ಎಂದು ಕೈಸನ್ನೆಯಲ್ಲಿ ತೋರಿಸಿದ. ಎಲ್ಲರೂ ನಕ್ಕರು. ಇದೆಲ್ಲ ಗಾಣದ ಬಳಿ ನಿಂತ ಆಳುಗಳ ಕಣ್ಣೆದುರಿಗೇ ನಡೆಯಿತು.

ನಾನು ಎದುರಿನ ಹುಣಸೆಮರದ ಕೆಳಗೆ ಕೂತು ಮನೆಯಿಂದ ತಂದಿದ್ದ ಮೊಸರನ್ನ ತಿಂದೆ. ಯಜಮಾನಿ ನನಗೆಂದೇ ಹಾಲು, ಬಾಳೆಹಣ್ಣು ತಂದಿಟ್ಟಳು, ಅದನ್ನೂ ಮುಟ್ಟಲಿಲ್ಲ. ಇದನ್ನು ಯಾರೂ ಪ್ರಾಮಾಣಿಕತೆ ಎಂದುಕೊಳ್ಳಬೇಡಿ. ಕಂಡವರ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕಬಾರದು ಎಂದು ಅಮ್ಮ ಕಲಿಸಿದ್ದು. ಒಳ್ಳೆಯ ಅಭ್ಯಾಸವೇನಲ್ಲ. ನನ್ನ ಸೊಸೆ ಇದಕ್ಕಾಗಿ ನನ್ನನ್ನು ಆಡಿಕೊಳ್ಳುತ್ತಾಳೆ.

ಊಟವಾದ ಮೇಲೆ ಆಳುಗಳನ್ನು ಕರೆದರು. ಅಧಿಕಾರಿ ಕೈ ಒರೆಸಿಕೊಳ್ಳುತ್ತಾ ಹಿಂದಿಯಲ್ಲಿ ಕೇಳಿದರು: ಇಲ್ಲಿ ತೊಂದರೆ ಇದೆಯೇ? ಯಾರಾದರೂ ಹೊಡೆಯುತ್ತಾರೆಯೇ? ಊರಿಗೆ ಹೋಗಲು ಬಿಡುವುದಿಲ್ಲವೇ? ಒಬ್ಬರಾದ ಮೇಲೊಬ್ಬರು ನೆಲ ನೋಡುತ್ತಾ ಅದನ್ನೇ ಹೇಳಿದರು: ತೊಂದರೆ ಇಲ್ಲ, ಸಂತೋಷವಾಗಿದ್ದೇವೆ. ಕೊನೆಯಲ್ಲಿ ಅವಳೂ ಅದನ್ನೇ ಹೇಳಿದಳು. ಅಧಿಕಾರಿಗೆ ನಿರಾಳವಾಯಿತು. ಕೆಟ್ಟ ಮನುಷ್ಯರಲ್ಲ ಅವರು. "ಒಳ್ಳೆಯ ಜನ," ಎಂದು ನನಗೆ ಹೇಳಿದರು. ಬಲವಂತವೇನೂ ಕಂಡುಬಂದಿಲ್ಲ ಎಂಬ ಜಂಟಿ ವರದಿಗೆ ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಇಬ್ಬರೂ ಸಹಿ ಹಾಕಿದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈ ತೊಳೆಯುವ ನೆಪದಲ್ಲಿ ಕೊಟ್ಟಿಗೆಯ ಹಿಂದಿನ ನಲ್ಲಿಗೆ ಹೋದೆ. ಅವಳು ಅಲ್ಲಿಗೆ ಬಂದಳು. ಅವಳಿಗೆ ಕನ್ನಡ ಬರುತ್ತದೆಂದು ಗೊತ್ತಿರಲಿಲ್ಲ. ಬರುತ್ತಿದ್ದುದೂ ಆಲೆಮನೆಯ ಕನ್ನಡ: ಬಾ, ಓಗು, ಉರಿ ಆಕು, ಬಿರ್ನೆ ತತ್ತಾ. ಅಷ್ಟರ ಆಚೆ ಅವಳು ಕಲಿತಿದ್ದ ಒಂದು ಮಾತಿತ್ತು. ಅದನ್ನೇ ಕೇಳಿದಳು.

"ಉಂಡ್ರಾ?"

"ಇಲ್ಲ, ಇಲ್ಲಿ ಉಣ್ಣಲಿಲ್ಲ," ಎಂದೆ.

ಅವಳು ತಟ್ಟನೆ ಹಿಂದಿಗೆ ಹೊರಳಿದಳು. ನಮ್ಮೂರಿನ ಸಾಹೇಬರು ಬರುತ್ತಾರೆಂದು ಕಾದಿದ್ದೆವು, ಬಂದವರು ನೇರ ಅವರ ಜಗಲಿ ಹತ್ತಿದರು. ಒಬ್ಬರ ಅನ್ನ ಉಂಡ ಮೇಲೆ ಅವರ ವಿರುದ್ಧದ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಅವಳ ಊರಿನ ಕಡೆ ಜಗಳ ತೀರಿಸುವವನು ತೀರ್ಪಾಗುವ ತನಕ ಎರಡೂ ಮನೆಯಲ್ಲಿ ನೀರು ಸಹ ಕುಡಿಯುವುದಿಲ್ಲವಂತೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಾವೂ ಹೇಳುತ್ತೇವಲ್ಲ. ಅದನ್ನು ಜಗಲಿಯ ಮೇಲೆ ಕೂತಿದ್ದವರು ಮರೆತಿದ್ದರು, ಸಿಪ್ಪೆ ಹೊರುವವರು ಮರೆತಿರಲಿಲ್ಲ.

ಗಂಡನ ಸ್ಥಿತಿಯನ್ನು ನಾನು ಹೇಳಬೇಕಾಯಿತು. ಅವಳು ಅಳಲಿಲ್ಲ. "ಅವರು ಹೊರಟ ದಿನದಿಂದ ಕೇಳುತ್ತಲೇ ಇದ್ದೇನೆ. ಬಿಡುತ್ತಿಲ್ಲ. ಈಗಲೇ ಕರೆದುಕೊಂಡು ಹೋಗಿ," ಎಂದಳು.

ಆದೇಶವಿಲ್ಲದೆ ಯಾರನ್ನೂ ಅಲ್ಲಿಂದ ಕರೆದೊಯ್ಯಬಾರದು, ನನಗೆ ಗೊತ್ತು. ಬೇರೆಯವರಿಗೆ ತರಬೇತಿಯಲ್ಲಿ ಅದನ್ನು ಹೇಳಿಕೊಡುವವಳೇ ನಾನು. ಅಪಹರಣ ಎಂದು ನನ್ನ ಮೇಲೇ ದೂರು ಕೊಡಬಹುದು, ಕೇಂದ್ರವನ್ನು ಮುಚ್ಚಿಸಬಹುದು. ಆದರೆ ಈಗ ಬಿಟ್ಟುಹೋದರೆ ಜಂಟಿ ವರದಿಯ ಮೇಲೆ ಇನ್ನೊಂದು ವಿಚಾರಣೆ ಎಂದಾಗುವುದು? ಅವನ ಕಾಲು ಅಲ್ಲಿಯವರೆಗೆ ಕಾಯುವುದೇ? ಸ್ಕೂಟರು ಶುರುಮಾಡಿ, ಹಿಂದೆ ಕೂರು ಎಂದೆ. ಅವಳು ಬಟ್ಟೆಯ ಗಂಟು ತರಲೂ ಒಳಗೆ ಹೋಗಲಿಲ್ಲ.

ಯಜಮಾನ ಅಡ್ಡ ಬಂದ.

"ಏನ್ ಮೇಡಮ್ಮೋರೆ, ಸಾಹೇಬ್ರೇ ಏನಿಲ್ಲ ಅಂತ ಬರ್ಕೊಟ್ಟವ್ರೆ. ನೀವು ಆಳ್ನೇ ಎತ್ತಾಕೊಂಡು ಓಯ್ತಿದ್ದೀರಲ್ಲ?"

"ಅವಳು ನಿಮ್ಮ ಆಳಲ್ಲ, ಒಬ್ಬ ಮನುಷ್ಯನ ಹೆಂಡತಿ. ಅವನು ಸಾಯ್ತಿದ್ದಾನೆ. ದಾರಿ ಬಿಡಿ."

ನನ್ನ ದನಿ ಏರಿತ್ತು. ಇನ್‌ಸ್ಪೆಕ್ಟರು ತಲೆ ಬಗ್ಗಿಸಿದರು. ಯಜಮಾನ ಸಹಿಯಾದ ವರದಿಯ ಕಡೆ ಒಮ್ಮೆ ನೋಡಿದ. ಆಮೇಲೆ ಅವನ ಮುಖ ಮೆತ್ತಗಾಯಿತು.

"ಓಗ್ಲಿ ಬುಡಿ. ನಮ್ಮನೆ ಮಗ್ಳು ಇದ್ದಂಗೆ ಅವ್ಳು. ನಾವೇನು ಕಟ್ಟಾಕಿದ್ವಾ?"

ಆ ಮಾತು ಯಾಕೆ ಬಂತೆಂದು ಅಲ್ಲೇ ಯೋಚಿಸಬೇಕಿತ್ತು. ನನಗೆ ಗೆದ್ದ ಹುರುಪು.

ಪಾಂಡವಪುರಕ್ಕೆ ಬಂದು ಅವಳ ಹೇಳಿಕೆ ಬರೆಸಿದೆವು. ದೀದಿ ಆಸ್ಪತ್ರೆಯಿಂದ ವಿಡಿಯೋದಲ್ಲಿ ಗಂಡನನ್ನು ತೋರಿಸಿದರು. ಅವನು ಇವಳ ಹೆಸರು ಹಿಡಿದು ಕರೆದ, ಇವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬರುತ್ತೇನೆ, ಬರುತ್ತೇನೆ ಎಂದಳು. ಹೇಳಿಕೆ ಕೇಳಿದವರು ಬಿಡುಗಡೆ ಪತ್ರ ಕೊಡಬೇಕಾದ ಇಲ್ಲಿನ ಅಧಿಕಾರಿ, ಸಹೃದಯರು. ಆದರೆ ಅವರ ಕೈ ಕಟ್ಟಿಹೋಗಿತ್ತು: ಅದೇ ದಿನದ ಜಂಟಿ ವರದಿ ಒಂದು ಹೇಳುತ್ತದೆ, ಹೇಳಿಕೆ ಇನ್ನೊಂದು ಹೇಳುತ್ತದೆ. ಆ ರಾಜ್ಯದಿಂದ ಸ್ಪಷ್ಟನೆ ಬರುವವರೆಗೆ ಬಿಡುಗಡೆ ಪತ್ರ ಕೊಡಲಾಗದು, ಅಲ್ಲಿಯವರೆಗೆ ಆಕೆ ಇಲ್ಲೇ ಇದ್ದರೆ ಒಳ್ಳೆಯದು ಎಂದರು.

ನಾನು ಅವಳಿಗೆ ಎರಡನ್ನೂ ಬಿಡಿಸಿ ಹೇಳಿದೆ. ಕಾದರೆ ಪತ್ರ ಸಿಗಬಹುದು. ಹೋದರೆ ಕೇಸು ಸಡಿಲವಾಗುತ್ತದೆ.

"ಕಾಗದ ಕೈಯಲ್ಲಿ ಹಿಡಿದು ಯಾರ ಮುಖ ನೋಡಲಿ?" ಎಂದಳು.

ದೀದಿಗೆ ಹೇಳಿದೆ. ದಾರಿಯಲ್ಲಿ ಎಲ್ಲಿ ಗಾಡಿ ಬದಲಿಸಬೇಕೋ ಅಲ್ಲಲ್ಲಿ ಕಾಯಲು ತಮ್ಮ ಪರಿಚಯದವರನ್ನು ದೀದಿ ಗೊತ್ತುಮಾಡಿದರು. ಎರಡು ಸರ್ಕಾರಗಳ ಕೈಯಲ್ಲಿ ಆಗದ ಸಹಕಾರ ಎರಡು ಫೋನುಗಳಲ್ಲಿ ಮುಗಿಯಿತು. ಆ ರಾತ್ರಿ ಅವಳು ನಮ್ಮ ಮನೆಯಲ್ಲಿ ಮಲಗಿದಳು. ಬಡಿಸಿದ್ದನ್ನು ಉಂಡಳು.

ಬೆಳಿಗ್ಗೆ ಪಾಂಡವಪುರ ಸ್ಟೇಷನ್ನಿಗೆ ಕರೆತಂದೆ. ಊರಿನಿಂದ ಹೊರಗಿರುವ ಸ್ಟೇಷನ್ನು, ಜನ ಕಡಿಮೆ. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದಾಗ ಸುದ್ದಿ ಯಾರು ಮುಟ್ಟಿಸಿದ್ದರೋ, ಯಜಮಾನನೂ ಯಜಮಾನಿಯೂ ಪ್ಲಾಟ್‌ಫಾರಂ ಮೇಲೆ ಬರುವುದು ಕಂಡಿತು. ನಾನು ಜಗಳಕ್ಕೆ ಸಿದ್ಧವಾಗಿ ಎದ್ದು ನಿಂತೆ. ಯಜಮಾನಿಯ ಕೈಯಲ್ಲಿ ಅವಳು ಬಿಟ್ಟುಬಂದ ಬಟ್ಟೆಯ ಗಂಟಿತ್ತು, ಇನ್ನೊಂದು ಕೈಯಲ್ಲಿ ಬಿದಿರಿನ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಗಿಟುಕು, ಎಲೆ ಅಡಿಕೆ, ಅರಿಶಿನ ಕುಂಕುಮ, ರವಿಕೆ ಕಣ, ಹಸಿರು ಬಳೆ, ಅಚ್ಚು ಬೆಲ್ಲ.

"ಅಂಗೇ ಬರೀ ಮಡ್ಲಲ್ಲಿ ಓಗ್ಬುಟ್ರೆ ನಂಗೆ ತಡ್ಯಕ್ಕಾಯ್ತದಾ? ಮಡ್ಲಕ್ಕಿ ಉಯ್ಯದೆ ಎಂಗವ್ವ ಕಳ್ಸೋದು? ಬಾ ಮಗ, ಸೆರಗ ಇಡಿ," ಎಂದಳು ಯಜಮಾನಿ. ಅವಳ ಕಣ್ಣಲ್ಲಿ ನೀರಿತ್ತು. ನಟನೆಯಲ್ಲ, ಇಂದಿಗೂ ಹಾಗೆಯೇ ನಂಬುತ್ತೇನೆ. ಆ ನೆನಪು ನನಗೆ ಹೆಚ್ಚು ಕಹಿಯಾಗುವುದು ಅದರಿಂದಲೇ.

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನನ್ನ ಮುಖ ನೋಡಿದಳು. ನಾನು ಏನು ಮಾಡಿದೆ? ಈ ಸೀಮೆಯ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದೆ. ಗಂಡನಿಗಾಗಿ ಹೊರಟವಳು, ಎದುರಿಗೆ ಅರಿಶಿನ ಕುಂಕುಮ, ಬಳೆ. ತುಂಬಿಸುವ ಮಡಿಲನ್ನು ಬೇಡ ಎನ್ನುವುದುಂಟೇ? ಯೋಚನೆ ಬರುವುದಕ್ಕಿಂತ ಮುಂಚೆ ಕೈ ಹೋಯಿತು. ಅವಳ ಸೆರಗು ಬಿಡಿಸಿ, ಎರಡು ಕೈಯಲ್ಲಿ ಹೀಗೆ ಹಿಡಿ ಎಂದು ತೋರಿಸಿದೆ, ತುದಿ ಜಾರದಂತೆ ಸರಿಮಾಡಿದೆ. ಯಜಮಾನಿ ಅಕ್ಕಿ ಸುರಿದಳು, ಬೆಲ್ಲವಿಟ್ಟಳು. ಆ ಅಚ್ಚುಗಳು ಅದೇ ಆಲೆಮನೆಯವು, ಅವಳ ಗಂಡನ ಕಾಲಿನ ಮೇಲೆ ಬಿದ್ದಂಥ ಪಾಕದವು. ಯಜಮಾನ ಎರಡು ಹೆಜ್ಜೆ ಹಿಂದೆ ಸರಿದು ಫೋನು ಎತ್ತಿದ್ದನ್ನು ನೋಡಿದೆ. ನೋಡಿಯೂ ತಡೆಯಲಿಲ್ಲ. ನಮ್ಮ ಕಡೆ ಈಗ ಯಾವುದಕ್ಕೆ ಫೋಟೋ ಹಿಡಿಯುವುದಿಲ್ಲ?

ರೈಲು ಬಂತು, ಹೋಯಿತು.

ಅವಳು ತಲುಪಿದಾಗ ಅವನು ಮಾತಾಡುತ್ತಿದ್ದ. ಅವಳ ಕೈಯಿಂದ ನೀರು ಕುಡಿದ. ಆಮೇಲೆ ನಂಜು ಏರಿತು, ಕಾಲು ತೆಗೆದರೂ ಉಳಿಯಲಿಲ್ಲ. ದೀದಿ ಫೋನಿನಲ್ಲಿ ಇಷ್ಟೇ ಹೇಳಿದರು: "ಮುಖ ನೋಡಲು ಸಿಕ್ಕಿತು ದೀದಿ. ಅಷ್ಟನ್ನಾದರೂ ಮಾಡಿದೆವು." ಅಷ್ಟನ್ನಾದರೂ ಎಂಬ ಮಾತನ್ನು ನಾನು ಬಹಳ ದಿನ ಹಿಡಿದುಕೊಂಡಿದ್ದೆ.

ಗಂಡ ಸತ್ತದ್ದು ಆಲೆಮನೆಯ ಕೆಲಸದಿಂದ, ತನ್ನನ್ನು ಅಲ್ಲಿ ಹಿಡಿದಿಟ್ಟಿದ್ದರು ಎಂದು ಅವಳು ದೀದಿಯ ಮೂಲಕ ಅರ್ಜಿ ಹಾಕಿದಳು. ಯಜಮಾನನ ಉತ್ತರ ಬಂತು: ಆ ಮನುಷ್ಯ ಊರಿಗೆ ಹೋದ ಮೇಲೆ ಕುಡಿದು ಒಲೆಗೆ ಬಿದ್ದ, ಇಲ್ಲಿ ಇಬ್ಬರನ್ನೂ ಮನೆಯವರಂತೆ ನೋಡಿಕೊಂಡೆವು. ಜೊತೆಗೆ ಜಂಟಿ ವರದಿ. ಜೊತೆಗೆ ಒಂದು ಫೋಟೋ.

ವಿಚಾರಣೆಯ ದಿನ ಅವಳನ್ನು ಅಷ್ಟು ದೂರದಿಂದ ಕರೆಸಲಿಲ್ಲ. ದೀದಿಯ ಕೇಂದ್ರದಿಂದ ವಿಡಿಯೋದಲ್ಲಿ ಕೂರಿಸಿದರು. ಗೋಡೆಯ ಪರದೆಯ ಮೇಲೆ ಅವಳ ಮುಖ ಕಂಡಿತು, ಬಳೆಯಿಲ್ಲದ ಬರಿಗೈ ಕಂಡಿತು. ಕರೆಸಿದ್ದ ದುಭಾಷಿ ಬರಲಿಲ್ಲ. ನೀವೇ ಹೇಳಿಬಿಡಿ ಎಂದರು. ಸಾಕ್ಷಿಯೇ ದುಭಾಷಿಯಾಗಬಾರದು, ಇನ್ನೊಂದು ದಿನ ಇಟ್ಟುಕೊಳ್ಳಿ ಎಂದು ನಾನು ಬೇಡಿಕೊಂಡೆ. ಯಜಮಾನನ ವಕೀಲರು ಎದ್ದು, "ಅಮ್ಮನವರ ಮೇಲೆ ನಮಗೆ ಪೂರ್ಣ ನಂಬಿಕೆ ಇದೆ, ನಮ್ಮದೇನೂ ತಕರಾರಿಲ್ಲ," ಎಂದು ನಕ್ಕರು. ಅವಳೂ ಮುಂದಕ್ಕೆ ಹಾಕುವುದು ಬೇಡ ಎಂದಳು. ಎಷ್ಟು ಸಲ ಕೂಲಿ ಬಿಟ್ಟು ಬರುವುದು?

ವಕೀಲರು ಫೋಟೋವನ್ನು ಮೊದಲು ನನ್ನ ಮುಂದೆ ಹಿಡಿದರು.

"ಸೆರಗು ಸರಿಮಾಡ್ತಾ ಇರೋದು ನೀವೇ ಅಲ್ವೇ ಅಮ್ಮ?"

"ನಾನೇ."

"ಬಲವಂತದಲ್ಲಿ ಇಟ್ಟುಕೊಂಡವರು ಮಡಿಲು ತುಂಬಿ ಕಳಿಸ್ತಾರಾ? ಅದಕ್ಕೆ ನಿಮ್ಮಂಥವರು ಕೈ ಹಾಕ್ತೀರಾ?"

ಬಾಯಿಗೆ ಬಂದ ಉತ್ತರಗಳೆಲ್ಲ ಉದ್ದವಾಗಿದ್ದವು. ಹೌದು ಅಥವಾ ಇಲ್ಲ ಎನ್ನಿ ಎಂದರು. ಫೋಟೋದಲ್ಲಿ ಯಜಮಾನಿ ಅಳುತ್ತಿದ್ದಳು, ಹುಡುಗಿ ತಲೆ ಬಗ್ಗಿಸಿದ್ದಳು, ನಾನೊಬ್ಬಳೇ ನಗುತ್ತಿದ್ದೆ. ತವರಿನಿಂದ ಮಗಳನ್ನು ಕಳಿಸುವ ಚಿತ್ರ ಎಂದರೆ ಯಾರಾದರೂ ನಂಬಬೇಕು.

ಆಮೇಲೆ ವಿಚಾರಣೆಯ ಅಧಿಕಾರಿ ಫೋಟೋವನ್ನು ಕ್ಯಾಮೆರಾಕ್ಕೆ ಹಿಡಿಸಿ, ಪರದೆಯ ಕಡೆ ತಿರುಗಿ ಕೇಳಿದರು: ಇದನ್ನು ನೀನು ಮನಸ್ಸಿನಿಂದ ತೆಗೆದುಕೊಂಡೆಯಾ? ಆ ಪ್ರಶ್ನೆಯನ್ನು ನಾನು ಹಿಂದಿಯಲ್ಲಿ ಹೇಳಿದೆ. ಅವಳು ಫೋಟೋವನ್ನು ನೋಡಿದಳು. ಆಮೇಲೆ ನಿಧಾನವಾಗಿ, ಯಾರ ಮೇಲೂ ಸಿಟ್ಟಿಲ್ಲದೆ ಉತ್ತರ ಕೊಟ್ಟಳು.

"ಏನಂತೆ?" ಎಂದರು ಅಧಿಕಾರಿ.

ನಾನು ಎದ್ದು ನಿಂತು ಕನ್ನಡದಲ್ಲಿ ಹೇಳಿದೆ: "ನನಗೆ ಬೇಡವಾಗಿತ್ತು. ಕೈ ಹಿಂದೆ ಇಟ್ಟುಕೊಂಡಿದ್ದೆ. ಈ ದೀದಿ ಹಿಡಿ ಅಂದರು. ಅವರು ಆ ಮನೆಯಲ್ಲಿ ಉಂಡಿರಲಿಲ್ಲ. ಅದಕ್ಕೆ ಅವರ ಮಾತು ನಂಬಿ ಹಿಡಿದೆ."

ಬರೆದುಕೊಳ್ಳುತ್ತಿದ್ದವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಇನ್ನೊಂದು ಸಲ ಜೋರಾಗಿ ಹೇಳಿ ಎಂದರು. ಹೇಳಿದೆ.